ಹೊಡೆದುಹಾಕಿದ ವಾಕ್ಯ

ಲ್ಯಾಬಿನ ಮುಖ್ಯಸ್ಥರು ಮೂರನೆಯ ಮಹಡಿ ಬಿಟ್ಟು ಕೆಳಗಿಳಿಯುವವರಲ್ಲ. ಫಲಿತಾಂಶ ಏನೇ ಇರಲಿ, ಕಂಪ್ಯೂಟರಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವುದು ಅವರ ಪದ್ಧತಿ. ಅಂಥವರು ಸೋಮವಾರ ಬೆಳಿಗ್ಗೆ ಒಂದು ಹಾಳೆ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಾಗ ನಾನು ಪೆನ್ನು ಕೆಳಗಿಟ್ಟೆ.

"ಹಳೇ ಸ್ಯಾಂಪಲ್ಲುಗಳನ್ನ ಹೊಸ ಮಶೀನಿಗೆ ಹಾಕ್ತಾ ಇದ್ವಲ್ಲ," ಎಂದರು. "ನಲವತ್ತೊಂದು. ನಲವತ್ತು ಮೊದಲಿನ ಹಾಗೇ ಇದೆ."

"ಇನ್ನೊಂದು?"

ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ತಾವೇ ಮಾಡಿದ ತಪ್ಪೆಂಬಂತೆ ಗೋಡೆಯ ಕಡೆ ನೋಡಿದರು.

ಕಣ್ಣಾಸ್ಪತ್ರೆಯ ನೆಲಮಹಡಿಯಲ್ಲಿ, ಔಷಧದಂಗಡಿಯ ಪಕ್ಕದ ಕಾರಿಡಾರಿನಲ್ಲಿ ನಮ್ಮ ವಿಭಾಗ. ಮೂರು ಮೇಜು, ಮೂರು ಜನ. ವಂಶದಲ್ಲಿ ಹರಿದುಬರುವ ಕಣ್ಣಿನ ಕಾಯಿಲೆ ಯಾರಿಂದ ಬಂತು, ಯಾರಿಗೆ ಹೋಗಬಹುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳುವುದು ನಮ್ಮ ಕೆಲಸ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ಬಣ್ಣ. ಹೀಗೆ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಗೆರೆ ಎಳೆಯುತ್ತೇವೆ. ನನ್ನ ಕೈಕೆಳಗಿನ ಕಿರಿಯ ಸಲಹೆಗಾರ್ತಿ ಈ ವಂಶವೃಕ್ಷಗಳನ್ನು ಸೀಸದಕಡ್ಡಿಯಲ್ಲಲ್ಲದೆ ಬರೆಯುವುದಿಲ್ಲ, ಅದಕ್ಕೇ ಅವಳನ್ನು ಎಲ್ಲರೂ ಪೆನ್ಸಿಲ್ ಎಂದೇ ಕರೆಯುವುದು. ಇನ್ನೊಬ್ಬರು ಮೂವತ್ತು ವರ್ಷ ನರ್ಸ್ ಆಗಿದ್ದು ಆಮೇಲೆ ನಮ್ಮ ಕಡೆ ಬಂದವರು; ವಯಸ್ಸಿನಲ್ಲಿ ನನಗಿಂತ ಹಿರಿಯರು, ನನಗೂ ಅಕ್ಕ. ಹತ್ತು ವರ್ಷಗಳಿಂದ ಈ ತಂಡದ ಮುಖ್ಯಸ್ಥೆ ನಾನು.

ಹಾಳೆಯ ಮೇಲಿದ್ದ ನಂಬರಿಗೆ ಸರಿಯಾದ ಫೈಲನ್ನು ಪೆನ್ಸಿಲ್ ತಂದಿಟ್ಟಳು. ತೆರೆಯುವ ಮೊದಲೇ ನನಗೆ ಆ ಮನುಷ್ಯನ ನೆನಪಾಗಿತ್ತು. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸದವನು. ಎರಡು ವರ್ಷದವನಿದ್ದಾಗ ಬಲಗಣ್ಣಿನ ಒಳಪರದೆಗೆ ಕ್ಯಾನ್ಸರ್ ಗಡ್ಡೆ ಬಂದು, ಆ ಕಣ್ಣನ್ನು ತೆಗೆದಿದ್ದರು. ಆರು ವರ್ಷದ ಹಿಂದೆ, ಮದುವೆ ನಿಶ್ಚಯವಾದ ಮೇಲೆ ಒಂದೇ ಒಂದು ಪ್ರಶ್ನೆ ಹೊತ್ತು ಬಂದಿದ್ದ. ಇದು ನನ್ನ ಮಕ್ಕಳಿಗೆ ಬರುತ್ತಾ?

ಉತ್ತರ ರಕ್ತದಲ್ಲಿರುತ್ತದೆ. ಜೀನಿನ ದೋಷ ಆ ಒಂದು ಕಣ್ಣಿನೊಳಗೇ ಹುಟ್ಟಿಕೊಂಡದ್ದಾದರೆ ಅಲ್ಲಿಗೇ ಮುಗಿಯಿತು, ಮಕ್ಕಳಿಗೆ ದಾಟುವುದಿಲ್ಲ. ಮೈಯ ಎಲ್ಲ ಜೀವಕೋಶಗಳಲ್ಲೂ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಅವನ ರಕ್ತದಲ್ಲಿ ದೋಷ ಕಾಣಲಿಲ್ಲ. ಆದರೆ ಇವೆರಡರ ನಡುವೆ ಮೂರನೆಯದೊಂದಿದೆ. ತಾಯಿಯ ಹೊಟ್ಟೆಯಲ್ಲಿ ಇನ್ನೂ ಕೆಲವೇ ಕೋಶಗಳ ಮುದ್ದೆಯಾಗಿದ್ದಾಗ ಒಂದು ಕೋಶ ಕೆಟ್ಟರೆ, ಅದರಿಂದ ಹುಟ್ಟಿದವಷ್ಟೇ ಕೆಟ್ಟಿರುತ್ತವೆ, ಉಳಿದದ್ದೆಲ್ಲ ಸರಿಯಿರುತ್ತದೆ. ರಕ್ತದಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ಮಾತ್ರ. ಹಳೆಯ ಯಂತ್ರ ಜೀನಿನ ಒಂದೊಂದು ಜಾಗವನ್ನು ಮೂವತ್ತು ಸಲ ಓದುತ್ತಿತ್ತು. ಅಷ್ಟರಲ್ಲಿ ಅದು ಸಿಗುವುದಿಲ್ಲ. ಹೊಸದು ಎರಡು ಸಾವಿರ ಸಲ ಓದುತ್ತದೆ. ಸಿಕ್ಕಿತ್ತು. ನೂರಕ್ಕೆ ನಾಲ್ಕು.

ಇದರಲ್ಲಿ ಯಾರ ತಪ್ಪೂ ಇಲ್ಲ. ಫೈಲಿನ ಕೊನೆಯ ಹಾಳೆಗೆ ಬರುವವರೆಗೆ ನಾನೂ ಹಾಗೇ ಅಂದುಕೊಂಡೆ.

ಕೊನೆಯ ಹಾಳೆ ಅವನಿಗೆ ಬರೆದ ಕಾಗದದ ಕರಡು. ನಮ್ಮ ವಿಭಾಗದ ಎಲ್ಲ ಕಾಗದಗಳಿಗೂ ಒಂದು ಮಾದರಿಯಿದೆ. ಅದರ ನಾಲ್ಕನೆಯ ವಾಕ್ಯ ಹೀಗೆ: 'ಈ ಪರೀಕ್ಷೆಗೆ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ದೋಷ ಉಳಿದಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಇರುವುದರಿಂದ, ನಿಮಗೆ ಮಕ್ಕಳಾದರೆ ಹುಟ್ಟಿದ ಮೊದಲ ವಾರದಲ್ಲೇ ಕಣ್ಣು ತೋರಿಸಿ.' ಆ ವಾಕ್ಯದ ಮೇಲೆ ನೀಲಿ ಶಾಯಿಯ ನೇರ ಗೆರೆ ಎಳೆದಿತ್ತು. ಗೆರೆಯ ತುದಿಯಲ್ಲಿ ನನ್ನ ಸಣ್ಣ ಸಹಿ. ಅಂಚಿನಲ್ಲಿ ಮೇಲ್ಮುಖವಾದ ಬಾಣದ ಗುರುತು ಹಾಕಿ ನಾನೇ ಬರೆದದ್ದು: 'ನಿಮ್ಮ ಕಾಯಿಲೆ ನಿಮ್ಮ ಮಕ್ಕಳಿಗೆ ಬರುವುದಿಲ್ಲ.'

ಯಾಕೆ ಹಾಗೆ ಮಾಡಿದೆ ಎಂಬುದು ಚೆನ್ನಾಗಿ ಗೊತ್ತು. ಅವನು ಕೋಣೆಗೆ ಬಂದವನೇ ಬಲಗೆನ್ನೆ ಗೋಡೆಯ ಕಡೆಗಿರುವ ಕುರ್ಚಿ ಹುಡುಕಿ ಕೂತಿದ್ದ. ಮೂರು ಸಲ ಕೇಳಿದ್ದ: "ಇದೆಯೋ ಇಲ್ವೋ, ಅಷ್ಟು ಹೇಳಿ ಮೇಡಂ. ಪರ್ಸೆಂಟ್ ಬೇಡ." ಆಗ ನಾನು ತಂಡದವರಿಗೆ ದಿನವೂ ಹೇಳುತ್ತಿದ್ದ ಮಾತೆಂದರೆ, ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ, ಜನ ನಮ್ಮ ಹತ್ತಿರ ಬರುವುದು ಕಡ್ಡಿ ಮುರಿದ ಹಾಗೆ ಉತ್ತರ ಬೇಕು ಅಂತ. ಅವನಿಗೆ ಕಡ್ಡಿ ಮುರಿದು ಕೊಟ್ಟೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬುದನ್ನು ಸೊನ್ನೆ ಎಂದು ಓದಿಕೊಳ್ಳುವ ಹಕ್ಕು ನನಗೆ ಯಾರೂ ಕೊಟ್ಟಿರಲಿಲ್ಲ.

"ಮಕ್ಕಳಾಗಿದಾವಾ ಇವರಿಗೆ?" ಪೆನ್ಸಿಲ್ ಮೆಲ್ಲಗೆ ಕೇಳಿದಳು.

ಅದೇ ನಮಗೆ ಗೊತ್ತಿರಲಿಲ್ಲ.

ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಯಾವುದೋ ಟ್ಯೂಷನ್ ಸೆಂಟರಿನವರು ಎತ್ತಿ, ಎಷ್ಟನೇ ಕ್ಲಾಸು ಅಂತ ಕೇಳಿದರು. ವಿಳಾಸಕ್ಕೆ ನಾನೇ ಹೋದೆ. ಅಂಗಡಿಯಿದ್ದ ಸಾಲು ರಸ್ತೆ ಅಗಲಿಸುವಾಗ ಹೋಗಿತ್ತು. ಉಳಿದ ಅರ್ಧ ಗೋಡೆಗೆ ಯಾರೋ ಟೈರು ಒರಗಿಸಿಟ್ಟಿದ್ದರು. ಪಕ್ಕದ ಸೈಕಲ್ ಅಂಗಡಿಯವನು "ಸೋಫಾದವನಾ? ಎದ್ದುಹೋಗಿ ಮೂರು ವರ್ಷ ಆಯ್ತಲ್ಲ" ಎಂದ. ಎಲ್ಲಿಗೆ ಎಂದು ಕೇಳಿದೆ. "ಊರೊಳಗೇ ಇದಾನೆ, ಆದ್ರೆ ಊರು ಅಷ್ಟು ಚಿಕ್ಕದಾ?" ಎಂದು ನಕ್ಕ.

ಮಧ್ಯಾಹ್ನ ಆಡಳಿತಾಧಿಕಾರಿಯ ಮುಂದೆ ಕೂತಿದ್ದೆ. ಆತ ಕೆಟ್ಟ ಮನುಷ್ಯನಲ್ಲ, ನಿಯಮದ ಮನುಷ್ಯ.

"ರಿಜಿಸ್ಟರ್ ಪೋಸ್ಟ್ ಹಾಕಿ," ಎಂದರು. "ವಾಪಸ್ ಬಂದ್ರೆ ಇನ್ನೊಂದ್ಸಲ ಹಾಕಿ. ಮೂವತ್ತು ದಿನ ಕಾದು ಫೈಲಲ್ಲಿ ಬರೆದಿಡಿ. ಅಲ್ಲಿಗೆ ನಮ್ಮ ಕರ್ತವ್ಯ ಮುಗೀತು."

"ಸರ್, ಈ ಗಡ್ಡೆ ವಾರವಾರಕ್ಕೆ ಬೆಳೆಯುತ್ತೆ. ಇವತ್ತು ಲೇಸರಲ್ಲಿ ಸುಡಬಹುದಾದದ್ದು ಮುಂದಿನ ತಿಂಗಳು ಕಣ್ಣನ್ನೇ ಕೇಳುತ್ತೆ. ಅದರ ಮುಂದಿನ ತಿಂಗಳು ಜೀವ."

"ಮಗು ಇದೆ ಅಂತ ಯಾರು ಹೇಳಿದ್ರು? ಇಲ್ಲದ ಮಗುವಿಗೆ ಯಾಕೆ ಇಷ್ಟು ಗಾಬರಿ ಆಗ್ತೀರಿ?"

ಇಲ್ಲದ ಮಗುವೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಎದ್ದೆ. ಮದುವೆ ಮುರಿದಿರಲಿ, ಮಕ್ಕಳಾಗದಿರಲಿ. ಒಬ್ಬ ಮನುಷ್ಯನಿಗೆ ಹೀಗೆಲ್ಲ ಬಯಸುವ ಹಂತಕ್ಕೆ ಬಂದಿದ್ದೆ.

ದಾರಿ ತೋರಿಸಿದ್ದು ಅಕ್ಕ. ನಾನು ಮತದಾರರ ಪಟ್ಟಿ, ನೀರಿನ ಬಿಲ್ಲು ಅಂತ ಯೋಚಿಸುತ್ತಿದ್ದರೆ ಅವರು ಟೀ ಲೋಟ ತೊಳೆಯುತ್ತ ಅಂದರು: "ಹಾಕಿರೋ ಕಣ್ಣು ಸುಮ್ನೆ ಇರುತ್ತೇನೇ? ವರ್ಷಕ್ಕೊಂದ್ಸಲ ಪಾಲಿಶ್ ಮಾಡಿಸ್ಬೇಕು. ಕಣ್ಣು ಮಾಡೋರನ್ನ ಕೇಳು."

ಕೃತಕ ಕಣ್ಣು ಮಾಡುವವರು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮಹಡಿಯಲ್ಲಿದ್ದಾರೆ. ಕಿಟಕಿಗೆ ಎದುರಾದ ಮೇಜು, ಕೂದಲೆಳೆಯಷ್ಟು ಸಣ್ಣ ಬ್ರಷ್ಷುಗಳು, ರಕ್ತನಾಳಕ್ಕೆಂದು ಕತ್ತರಿಸಿಟ್ಟ ಕೆಂಪು ರೇಷ್ಮೆ ನೂಲು. ಪಕ್ಕದ ಚಪ್ಪಟೆ ಡ್ರಾಯರಿನ ತುಂಬ ಸಾಲುಸಾಲಾಗಿ ಕಣ್ಣುಗಳು. ಅವರಿಗೆ ಯಾರ ಹೆಸರೂ ನೆನಪಿರುವುದಿಲ್ಲ.

"ಬಲಗಣ್ಣಾ? ಬಣ್ಣ ಹೇಳಿ," ಎಂದರು.

"ಅದು ಗೊತ್ತಿಲ್ಲ. ಸೋಫಾ ಹೊಲಿಯೋರು."

"ಓ, ಜೇನುಗಂದು! ಪಾಪೆ ಸುತ್ತ ಒಂದು ಹಸಿರು ಉಂಗುರ. ಅದನ್ನ ಬಿಡಿಸೋಕೆ ನನಗೆ ನಾಲ್ಕು ದಿನ ಹಿಡೀತು ಮಾರಾಯ್ತಿ. ಅವನೇ ಈ ಕುರ್ಚಿಗೆ ಬಟ್ಟೆ ಹಾಕ್ಕೊಟ್ಟಿದ್ದು, ನೋಡಿ." ಕೂತಿದ್ದ ಕುರ್ಚಿಯನ್ನು ತಟ್ಟಿದರು. "ಮೊನ್ನೆ ತಾನೆ ಬಂದಿದ್ದ. ಮಗು ಎತ್ಕೊಂಡು."

ನಾನು ಮೇಜಿನ ಹತ್ತಿರಕ್ಕೆ ಸರಿದೆ.

"ಎಷ್ಟು ದೊಡ್ಡ ಮಗು?"

"ಹೆಣ್ಣು ಕೂಸು. ಆರೋ ಏಳೋ ತಿಂಗಳು ಇರಬಹುದು. ಡ್ರಾಯರಿಗೇ ಕೈ ಹಾಕೋಕೆ ಬರ್ತಿತ್ತು ಕಳ್ಳಿ." ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಂಬರ್ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮದು ಒಂದು ಮರ್ಯಾದೆ. ನಾನೇ ಫೋನ್ ಮಾಡಿ ನಿಮ್ಮ ಕೈಗೆ ಕೊಡ್ತೀನಿ."

ಆ ಕಡೆಯಿಂದ ಬಂದ ದನಿಯಲ್ಲಿ ನನ್ನನ್ನು ಗುರುತಿಸಿದ ಸಂತೋಷವಿತ್ತು. "ಮೇಡಂ! ನೀವು ಮನೆಗೆ ಬರೋದಾ? ಬನ್ನಿ ಬನ್ನಿ, ಕೇಳ್ಬೇಕಾ!" ಯಾಕೆಂದು ಅವನು ಕೇಳಲೇ ಇಲ್ಲ.

ಕೆಳಗೆ ಕೆಲಸದ ಜಾಗ, ಮೇಲೆ ಮನೆ. ಮೆಟ್ಟಿಲ ಬಳಿ ಬರಿ ಅಸ್ಥಿಪಂಜರವಾಗಿ ನಿಂತ ಸೋಫಾ ಒಂದು, ಅದರ ಹೊಟ್ಟೆಯಿಂದ ಕಿತ್ತ ನಾರು ಒಂದು ಮೂಲೆಯಲ್ಲಿ. ಅವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ಎದ್ದುಬಂದ. ಮೈ ತುಂಬಿಕೊಂಡಿದ್ದ. ಈಗ ಬಲಗೆನ್ನೆಯನ್ನು ಮರೆಸುವ ಅಭ್ಯಾಸವಿರಲಿಲ್ಲ.

ಮೇಲಿನ ಕೋಣೆಯಲ್ಲಿ ಅವನ ತಾಯಿ ಬಟ್ಟೆ ಮಡಿಸುತ್ತಿದ್ದರು. ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು.

"ಇವರೇ ಕಣೇ, ಕಾಗದದ ಮೇಡಂ," ಎಂದ ಅವನು.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ, ಇವರೇನಾ? ಈ ಮನೇಲಿ ಯಾವ ಮಾತೆತ್ತಿದ್ರೂ ನಿಮ್ಮ ಕಾಗದ ಎದ್ದು ಬರುತ್ತೆ ನೋಡಿ. ಫ್ರೇಮ್ ಹಾಕಿಸಿ ಗೋಡೆಗೆ ಹೊಡೀಬೇಕು ಅಂತಿದಾರೆ."

ನಾನು ಮಗುವನ್ನು ನೋಡುತ್ತಿದ್ದೆ. ನಾನು ವೈದ್ಯೆಯಲ್ಲ, ವಿಜ್ಞಾನ ಓದಿದವಳು, ಕಣ್ಣಿನೊಳಗೆ ನೋಡುವ ಉಪಕರಣ ನನ್ನ ಬಳಿ ಇರುವುದಿಲ್ಲ. ಬೇಕಾಗಲೂ ಇಲ್ಲ. ಎಡಗಣ್ಣು ಸ್ವಲ್ಪ ಮೂಗಿನ ಕಡೆ ವಾಲಿತ್ತು. ತಾಯಿ ಕಿಟಕಿಯತ್ತ ತಿರುಗಿದಾಗ ಆ ಪಾಪೆಯೊಳಗೆ ಕಪ್ಪು ಇರಬೇಕಾದ ಕಡೆ ಮಂಜುಗಟ್ಟಿದ ಗಾಜಿನಂಥ ಬಿಳುಪು ಬಂದು ಹೋಯಿತು. ಮಗು ನನ್ನ ಕನ್ನಡಕಕ್ಕೆ ಕೈ ಚಾಚಿ ಕೇಕೆ ಹಾಕಿತು.

"ಈ ಕಣ್ಣು ಹೀಗೆ ಹೊಳೆಯೋದು ಯಾವಾಗಿಂದ?"

ಅಜ್ಜಿಯ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು.

"ಎರಡು ತಿಂಗಳಾಯ್ತು," ಎಂದಳು ಹೆಂಡತಿ. ಅವಳ ದನಿಯಲ್ಲಿದ್ದ ಚೇಷ್ಟೆ ಇಂಗಿಹೋಗಿತ್ತು. "ಫೋಟೋದಲ್ಲಿ ಮೊದಲು ಕಾಣ್ತು. ಎಲ್ಲಾ ಫೋಟೋದಲ್ಲೂ ಒಂದೇ ಕಣ್ಣು. ನಾನು ಇವರಿಗೆ ತೋರಿಸಿದೆ."

"ನಾನೂ ಹೇಳ್ದೆ," ಎಂದರು ಅಜ್ಜಿ. "ಇವನಿಗೂ ಹೀಗೇ ಹೊಳೀತಿತ್ತು, ಎರಡು ವರ್ಷದವನಿದ್ದಾಗ. ಸಂಜೆ ದೀಪ ಹಚ್ಚಿದ್ರೆ ಬೆಕ್ಕಿನ ಕಣ್ಣು. ಆ ಹೊಳಪು ನಾನು ಸತ್ರೂ ಮರೆಯಲ್ಲ. ಹೋಗೋ ಡಾಕ್ಟ್ರಿಗೆ ತೋರಿಸೋ ಅಂದೆ. ಓದಿದೋರು ಬರೆದುಕೊಟ್ಟಿದಾರೆ, ನೀನು ಬಾಯಿ ಮುಚ್ಕೊಂಡಿರಮ್ಮ ಅಂದ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ತುಟಿಯಲ್ಲಿ ಇನ್ನೂ ಹಳೆಯ ನಗುವಿನ ಅಂಚಿತ್ತು. "ಬರಲ್ಲ ಅಂತ ನೀವೇ ಬರೆದಿದೀರಲ್ಲ ಮೇಡಂ. ಅದಕ್ಕೇ ನಾನು..."

"ನಾನು ಬರೆದದ್ದು ತಪ್ಪು," ಎಂದೆ. "ನಾಳೆ ಬೆಳಿಗ್ಗೆ ಏಳು ಗಂಟೆಗೆ ಮಗುವನ್ನ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಬೆಳಗಿನ ಜಾವ ಮೂರರ ಮೇಲೆ ಹಾಲು ಕೊಡಬೇಡಿ, ಅರಿವಳಿಕೆ ಕೊಟ್ಟು ನೋಡ್ತಾರೆ."

ಬಟ್ಟೆಯ ಥಾನಿನ ಉದಾಹರಣೆ ಕೊಟ್ಟು ಉಳಿದದ್ದನ್ನು ಹೇಳಿದೆ. ನೂರು ಎಳೆಯಲ್ಲಿ ನಾಲ್ಕು ಎಳೆ ಕೆಟ್ಟಿದ್ದರೆ ನೋಡುವವರಿಗೆ ಕಾಣುವುದಿಲ್ಲ, ಆದರೆ ಆ ಕೆಟ್ಟ ಎಳೆಯಿಂದಲೇ ಇನ್ನೊಂದು ಬಟ್ಟೆ ನೇಯ್ದರೆ? ಅವನಿಗೆ ಕೂಡಲೇ ಅರ್ಥವಾಯಿತು. ಅರ್ಥವಾದದ್ದು ಅವನ ಒಂದು ಕಣ್ಣಿನಲ್ಲಿ ಮಾತ್ರ ಕಾಣುತ್ತಿತ್ತು. ಇನ್ನೊಂದು, ಹಸಿರು ಉಂಗುರದ್ದು, ಮೊದಲಿನಷ್ಟೇ ಶಾಂತವಾಗಿ ನನ್ನನ್ನು ನೋಡುತ್ತಿತ್ತು.

ಮರುದಿನ ಮಗುವಿನ ಕಣ್ಣು ಪರೀಕ್ಷಿಸಿದ ಶಸ್ತ್ರವೈದ್ಯೆ ಹೊರಗೆ ಬಂದು ಮೊದಲು ನನಗೆ ಹೇಳಿದರು. ಎಡಗಣ್ಣಿನ ಒಳಗೆಲ್ಲ ಗಡ್ಡೆ ತುಂಬಿದೆ, ಒತ್ತಡ ಏರಿದೆ, ಕಣ್ಣು ತೆಗೆಯಲೇಬೇಕು. ಅದೂ ಈ ವಾರವೇ. ಬಲಗಣ್ಣಿನಲ್ಲಿ ಎರಡು ಚಿಕ್ಕವು, ಅಂಚಿನಲ್ಲಿವೆ. ಇವತ್ತೇ ಲೇಸರ್ ಕೊಟ್ಟಿದ್ದೇನೆ, ಹೊಸದು ಹುಟ್ಟಬಹುದು, ನಾಲ್ಕು ವಾರಕ್ಕೊಮ್ಮೆ ನೋಡಬೇಕು. ಕೈಗವಸು ಬಿಚ್ಚುತ್ತ ಕೇಳಿದರು: "ಅಪ್ಪನಿಗೇ ಇತ್ತಂತಲ್ಲ. ಹುಟ್ಟಿದಾಗ ಯಾಕೆ ತೋರಿಸಿಲ್ಲ ಇವರು?"

"ಬೇಡ ಅಂತ ನಾನೇ ಬರೆದುಕೊಟ್ಟಿದ್ದೆ."

ಅವರು ಕೈಗವಸನ್ನು ಬುಟ್ಟಿಗೆ ಹಾಕಿ ಒಳಗೆ ಹೋದರು.

ಅಪ್ಪ ಅಮ್ಮನ ಜೊತೆ ಕೂರುವ ಮೊದಲು ಆಡಳಿತಾಧಿಕಾರಿ ಕಾರಿಡಾರಿನಲ್ಲಿ ನನ್ನನ್ನು ತಡೆದರು. "ತಂತ್ರಜ್ಞಾನ ಸುಧಾರಿಸಿದೆ, ಆಗ ಕಾಣದ್ದು ಈಗ ಕಾಣ್ತಿದೆ. ಇಷ್ಟು ಹೇಳಿ ಸಾಕು. ಸುಳ್ಳೇನೂ ಅಲ್ವಲ್ಲ."

ಸುಳ್ಳಲ್ಲ. ಅದೇ ತೊಂದರೆ. ಪ್ರತಿ ಅಕ್ಷರವೂ ನಿಜವಾಗಿರುವ ಸುಳ್ಳು ಹೇಗಿರುತ್ತದೆಂದು ಆರು ವರ್ಷದ ಹಿಂದೆ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಿತ್ತು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿ, ಶಸ್ತ್ರವೈದ್ಯೆ ಹೇಳಿದ್ದೆಲ್ಲವನ್ನೂ ಹೇಳಿದೆ. ಹೆಂಡತಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಫೈಲು ತೆರೆದು ಕರಡಿನ ಹಾಳೆಯನ್ನು ಅವರ ಕಡೆ ತಿರುಗಿಸಿಟ್ಟೆ.

ಅವನು ಬೆರಳಿಟ್ಟು ಓದಿದ. ಹೊಡೆದುಹಾಕಿದ ವಾಕ್ಯದ ಕೆಳಗೆ ಬೆರಳು ಎರಡು ಸಲ ಹೋಗಿಬಂತು.

"ಇದು ಇತ್ತಾ?"

"ಇತ್ತು. ಎಲ್ಲರ ಕಾಗದದಲ್ಲೂ ಇರುತ್ತೆ."

"ಯಾಕೆ ಹೊಡೆದ್ರಿ?"

"ನೀವು ತುಂಬ ಹೆದರಿದ್ರಿ. ಈ ಸಾಲು ಓದಿದ್ರೆ ಜೀವಮಾನವಿಡೀ ಹೆದರಿಕೊಂಡೇ ಇರ್ತೀರಿ ಅಂತ..."

"ಇರ್ತಿದ್ದೆ," ಎಂದ. "ಹೆದರಿಕೊಂಡೇ ಇರ್ತಿದ್ದೆ ಮೇಡಂ. ಆದ್ರೆ ತೋರಿಸ್ತಿದ್ದೆ."



ಅವನು ದನಿ ಎತ್ತಲಿಲ್ಲ. ಕೂಗಿದ್ದರೆ, ಮೇಜು ಗುದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಹಾಳೆಯನ್ನು ನೋಡುತ್ತಲೇ ಹೇಳಿದ: "ನಮ್ಮಮ್ಮ ಹೇಳಿದ್ಲು. ಇವಳು ಹೇಳಿದ್ಲು. ಇಬ್ಬರ ಬಾಯಿಗೂ ಬೀಗ ಹಾಕಿದೆ. ಹೆಂಗಸರಿಗೆ ಏನು ಗೊತ್ತು ಅಂದೆ. ಎರಡು ತಿಂಗಳು."

"ಹುಟ್ಟಿದಾಗಲೇ ನೋಡಿದ್ರೆ ಕಣ್ಣು ಉಳೀತಿತ್ತಾ?" ಎಂದಳು ಹೆಂಡತಿ.

"ಬಹುಶಃ ಉಳೀತಿತ್ತು. ಎರಡೂ."

"ಎರಡು ತಿಂಗಳ ಹಿಂದೆ ಬಂದಿದ್ರೆ?"

"ಹೇಳೋಕಾಗಲ್ಲ. ಈ ಹೊಳಪು ಕಂಡಾಗಲೇ ಗಡ್ಡೆ ದೊಡ್ಡದಾಗಿರುತ್ತೆ."

ಅವಳು ಗಂಡನತ್ತ ತಿರುಗಿದಳು. ಅವನ ಮುಂದಿದ್ದ ಹಾಳೆಯನ್ನು ಬದಿಗೆ ಸರಿಸಿ, ಒಪ್ಪಿಗೆಯ ಫಾರಂ ಎಳೆದು ಅಲ್ಲಿಟ್ಟಳು. "ಇವರ ಮೇಲೆ ಆಮೇಲೆ ಕೂಗಾಡೋಣ. ನನ್ನ ಸಿಟ್ಟೂ ಇದೆ, ನಿಮ್ಮಿಬ್ಬರ ಮೇಲೂ ಇದೆ. ಈಗ ಸಹಿ ಮಾಡಿ."

ಅವನು ಪೆನ್ನು ಹಿಡಿದು ಕೂತ. "ಬಲಗಣ್ಣು ಉಳಿಯುತ್ತಾ ಮೇಡಂ? ಉಳಿಯುತ್ತೆ ಅಂತ ಹೇಳಿ. ಸುಳ್ಳಾದ್ರೂ ಪರವಾಗಿಲ್ಲ, ಇದಕ್ಕೆ ಸಹಿ ಹಾಕೋವರೆಗೆ ಸಾಕು."

ಆರು ವರ್ಷದ ಹಿಂದೆ ಕೇಳಿದ ದನಿಯೇ. ಹೌದು ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಯಾರಿಗಾದರೂ ಅದನ್ನು ಹೇಳುವಷ್ಟು ಸುಲಭ ಇನ್ನೊಂದಿಲ್ಲ. "ಇಂಥ ಹತ್ತು ಕಣ್ಣಲ್ಲಿ ಎಂಟೋ ಒಂಬತ್ತೋ ಉಳಿಯುತ್ತವೆ," ಎಂದೆ. "ಇದು ಯಾವುದರಲ್ಲಿ ಸೇರುತ್ತೆ ನನಗೆ ಗೊತ್ತಿಲ್ಲ."

ಅವನು ನನ್ನನ್ನು ನೋಡಿದ. ಮೊದಲನೆಯ ಬಾರಿ ದ್ವೇಷ ಕಂಡಿತು. ಸಹಿ ಮಾಡಿ, ಪೆನ್ನನ್ನು ಮೇಜಿನ ಮೇಲೆ ಇಡದೆ ತನ್ನ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ನನ್ನ ಪೆನ್ನು. ನಾನು ಕೇಳಲಿಲ್ಲ.

ಗುರುವಾರ ಕಣ್ಣು ತೆಗೆದರು. ಆ ಸಂಜೆ ರಾಜೀನಾಮೆ ಬರೆದು ಅಕ್ಕನ ಕೈಗೆ ಕೊಟ್ಟೆ, ಓದಿ ನೋಡಲಿ ಎಂದು. ಅವರು ಓದಿ, ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ನಮ್ಮ ಮೇಜಿನ ಕಾಲಿನ ಕೆಳಗೆ ಸಿಕ್ಕಿಸಿದರು.

"ಇದರಿಂದ ಆ ಕೂಸಿಗೆ ಕಣ್ಣು ಬರುತ್ತಾ? ಇಲ್ಲ ತಾನೆ. ನಿನ್ನ ಮನಸ್ಸಿಗೆ ಸಮಾಧಾನ ಬರುತ್ತೆ. ಅದು ಈಗ ನಿನಗೆ ಯಾಕೆ ಬೇಕು?" ಎಂದರು. "ಆ ವಾಕ್ಯ ಇನ್ನೆಷ್ಟು ಕಾಗದದಲ್ಲಿ ಹೊಡೆದಿದೀಯ, ಅದನ್ನ ಹೇಳು."

ನನಗೆ ನೆನಪಿಲ್ಲವೆಂದು ಹೇಳಲು ನಾಚಿಕೆಯಾಯಿತು. ಪೆನ್ಸಿಲ್ ಎರಡು ದಿನ ಕೂತು ಹುಡುಕಿದಳು. ಹನ್ನೊಂದು. ಎಲ್ಲವೂ ತುಂಬ ಹೆದರಿದ್ದವರಿಗೆ ಬರೆದವು; ಪ್ರತಿಯೊಂದರ ಅಂಚಿನಲ್ಲೂ ಅದೇ ನೀಲಿ ಶಾಯಿ. ಹೊಸ ಯಂತ್ರದಲ್ಲಿ ಅವರ ರಕ್ತದಲ್ಲಿ ಏನೂ ಸಿಕ್ಕಿಲ್ಲ, ಆದರೆ ಸಿಕ್ಕಿಲ್ಲ ಎಂಬುದರ ಮೇಲೆ ನಾನು ಮತ್ತೆ ಮನೆ ಕಟ್ಟುವಂತಿರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬ ಹೆಂಗಸು ಎಲ್ಲ ಕೇಳಿಸಿಕೊಂಡು, "ಯಾಕಮ್ಮ ಈಗ ಹೇಳ್ತೀರಿ, ನಾನು ಚೆನ್ನಾಗಿ ನಿದ್ದೆ ಮಾಡ್ತಿದ್ದೆನಲ್ಲ" ಎಂದು ಅತ್ತಳು. ಅತ್ತ ಮೇಲೆ, ಮಗನನ್ನು ಯಾವತ್ತು ಕರೆತರಲಿ ಎಂದು ಕೇಳಿದಳು. ಒಂಬತ್ತು ಜನ ಸಿಕ್ಕರು, ಇಬ್ಬರು ಇನ್ನೂ ಸಿಕ್ಕಿಲ್ಲ.

ತೆಗೆದ ಕಣ್ಣನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಡ್ಡೆ ಕಣ್ಣಿನೊಳಗೇ ಉಳಿದಿತ್ತೇ ಅಥವಾ ಮಿದುಳಿಗೆ ಹೋಗುವ ನರದ ದಾರಿ ಹಿಡಿದಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ. ಅದಕ್ಕೆ ಒಂಬತ್ತು ದಿನ. ಆ ಒಂಬತ್ತು ದಿನವೂ ಹೆಂಡತಿ ಫೋನ್ ಮಾಡುತ್ತಿದ್ದಳು, ನಾನು ಏನನ್ನಾದರೂ ಬಚ್ಚಿಟ್ಟಿದ್ದೇನೆಯೇ ಎಂದು ಪರೀಕ್ಷಿಸುವವಳ ಹಾಗೆ. "ಬಂತಾ?" "ಇಲ್ಲ." "ನಿಜವಾಗ್ಲೂ ಬಂದಿಲ್ವಾ?" "ನಿಜವಾಗ್ಲೂ ಇಲ್ಲ." ಅಷ್ಟೇ ಮಾತು. ಇಟ್ಟುಬಿಡುತ್ತಿದ್ದಳು.

ಶನಿವಾರ ಬಂತು. ಆ ದಿನ ಅವರು ಮಗುವಿನ ಪಟ್ಟಿ ಬದಲಿಸಲು ಆಸ್ಪತ್ರೆಗೇ ಬಂದಿದ್ದರು. ಶಸ್ತ್ರವೈದ್ಯೆ ವರದಿಯನ್ನು ನನ್ನ ಮುಂದೆ ಎರಡು ಸಲ ಓದಿ, ಚಿಕಿತ್ಸೆಯ ಕ್ರಮ ಬರೆದುಕೊಟ್ಟು, "ಪಕ್ಕದ ಥಿಯೇಟರಲ್ಲಿ ನನ್ನ ಕೇಸಿದೆ. ನೀವು ಹೇಳ್ತೀರಾ, ನಾನು ಬರೋವರೆಗೆ ಕಾಯ್ತೀರಾ?" ಎಂದರು. ನಾನೇ ಹೇಳುತ್ತೇನೆ ಎಂದೆ.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಮೂವರೂ ಕೂತಿದ್ದರು. ಅಜ್ಜಿಯ ತೊಡೆಯ ಮೇಲೆ ಮಗು, ತಲೆಯ ಸುತ್ತ ಬಿಳಿ ಪಟ್ಟಿ. ಪಟ್ಟಿಯ ತುದಿ ಹಿಡಿದೆಳೆಯಲು ನೋಡುತ್ತಿತ್ತು, ಅಜ್ಜಿ ಪ್ರತಿ ಸಲ ಆ ಪುಟ್ಟ ಕೈಯನ್ನು ಬಿಡಿಸಿ ತನ್ನ ಬೆರಳು ಕೊಡುತ್ತಿದ್ದರು. ಅವನು ನನ್ನನ್ನು ದೂರದಿಂದಲೇ ನೋಡಿದ. ನನ್ನ ನಡಿಗೆಯಲ್ಲೇ ಏನು ಕಂಡನೋ, ಎದ್ದು ನಿಂತ.

"ಒಳಗೆ ಬನ್ನಿ, ಕೂತ್ಕೊಂಡು ಮಾತಾಡೋಣ," ಎಂದೆ.

"ಬೇಡ. ಕೂತ್ಕೊಳ್ಳಿ ಅಂದ್ರೆ ಏನು ಅಂತ ಗೊತ್ತಾಗಿದೆ. ಇಲ್ಲೇ ಹೇಳಿ."

"ಗಡ್ಡೆ ನರದೊಳಗೆ ಸ್ವಲ್ಪ ಹೋಗಿತ್ತು. ನರ ಕತ್ತರಿಸಿದ ಜಾಗದಲ್ಲಿ ಇಲ್ಲ, ಅದು ಒಳ್ಳೇದು. ಆದ್ರೆ ಮೈಯಲ್ಲಿ ಬೇರೆ ಕಡೆ ಕಣ ಉಳಿದಿರಬಹುದು. ಅದಕ್ಕೆ ಕೀಮೋ ಕೊಡ್ಬೇಕು. ಆರು ಸಲ, ಮೂರು ಮೂರು ವಾರಕ್ಕೆ. ಸೋಮವಾರದಿಂದಲೇ."

"ಜೀವಕ್ಕೆ?"

"ಅಪಾಯ ಇದೆ. ಕೀಮೋ ಪೂರ್ತಿ ಆದ್ರೆ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕ್ತಾರೆ."

"ಹತ್ತರಲ್ಲಿ ಒಂದು..." ಎಂದು ಶುರು ಮಾಡಿ ನಿಲ್ಲಿಸಿದ.

ಹೆಂಡತಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಗಂಡನ ಜೇಬಿಗೆ ಕೈಹಾಕಿ ಪೆನ್ನು ಎಳೆದುಕೊಂಡಳು. "ಮತ್ತೆ ಮೊದಲಿಂದ ಹೇಳಿ," ಎಂದಳು ನನಗೆ. "ನಿಧಾನಕ್ಕೆ. ಕೀಮೋ ಕೊಟ್ಟ ದಿನ ಜ್ವರ ಬಂದ್ರೆ ಏನು ಮಾಡ್ಬೇಕು ಅನ್ನೋದೂ ಹೇಳಿ. ಭಯ ಆಗೋದು ಏನಿದ್ರೂ ಮೊದಲು ಹೇಳಿ."

ನಾನು ಮೊದಲಿನಿಂದ ಹೇಳತೊಡಗಿದೆ. ಅವನು ಕಿಟಕಿಯ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಅವಳು ಬರೆದುಕೊಳ್ಳುತ್ತಿದ್ದಳು, ಒಂದೊಂದು ವಾಕ್ಯ ಮುಗಿದಾಗಲೂ ತಲೆಯೆತ್ತಿ, "ಆಮೇಲೆ?" ಎನ್ನುತ್ತಿದ್ದಳು.